ಒಬ್ಬಳೇ ಕೂರುವ ಪ್ರಶ್ನೆ

ಸುಂದರಿ ಮತ್ತು ಬೀಬಿ ಮಂಜೇಶ್ವರ ಪೇಟೆಯ ಒಂದೇ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು, ಜಗಳ ಆಡುತ್ತಾ, ನಗುತ್ತಾ ಮುದುಕಿಯರಾದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಗುಡ್ಡದ ಮೇಲಿನ ಹಿರಿಯರ ವಸತಿಯಲ್ಲಿ ಪುಟ್ಟ ಮನೆಯೊಂದನ್ನು ಹಿಡಿದು ಒಟ್ಟಿಗೆ ಇರುವುದೆಂದು ತಾವೇ ತೀರ್ಮಾನ ಮಾಡಿದರು. ಯಾರೂ ಅವರನ್ನು ಅಲ್ಲಿಗೆ ತಳ್ಳಿದ್ದಲ್ಲ.

ನೋಡಿ ಬರಲು ಹೋದ ದಿನ ಮ್ಯಾನೇಜರ್ ವಿಘ್ನೇಶ ಎಲ್ಲವನ್ನೂ ತೋರಿಸಿದ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮುಂದೆ ಅಡುಗೆಕೋಣೆಯಿರುವ ಮನೆಗಳು. ಆಗದವರಿಗೆ ಹಿಂದಿನ ಕಟ್ಟಡ. ಅಲ್ಲಿ ಎಲ್ಲಕ್ಕೂ ಆಯಾಗಳು, ಗೇಟಿಗೆ ಹೊರಗಿನಿಂದ ಬೀಗ. ಸುಂದರಿ ಪ್ರತಿ ನಲ್ಲಿಯನ್ನೂ ತಿರುಗಿಸಿ ನೋಡಿದಳು. ಬೀಬಿ ಕೇಳಿದ್ದು ಒಂದೇ: "ಮೀನು ಹುರಿಯಲಿಕ್ಕೆ ಬಿಡ್ತೀರಲ್ಲಾ?"

ಹಿಂದಿನ ಕಟ್ಟಡದಲ್ಲಿ ಕಮಲ ಎಂಬ ಹೆಂಗಸು ಸುಂದರಿಯ ಸೆರಗು ಹಿಡಿದು ತುಳುವಿನಲ್ಲಿ ಹೇಳಿದಳು, "ನೀವಾದರೂ ಕೇಳಿ ಮಾರಾಯ್ತಿ. ನನ್ನ ಕೈಕಾಲು ಗಟ್ಟಿ ಉಂಟು. ಆದರೂ ಇಬ್ಬರು ಬಂದು ಸೀರೆ ಬಿಚ್ಚಿಸಿ ಮೀಯಿಸ್ತಾರೆ. ಎಂತಕ್ಕೆ?"

"ಅವರಿಗೆ ಸ್ವಲ್ಪ ಮರೆವು," ಎಂದು ವಿಘ್ನೇಶ ಮುಂದೆ ನಡೆದ.

ಆಮೇಲೆ ಯಾರಿಗೆ ಯಾವ ಭಾಗ ಎಂದು ತಿಳಿಯಲು ಪರೀಕ್ಷೆ. ಒಬ್ಬೊಬ್ಬರನ್ನೇ ಒಳಗೆ ಕರೆದರು. ನರ್ಸ್ ಕೇರಳದ ತೆಂಕಣ ಕಡೆಯಿಂದ ಹೊಸತಾಗಿ ಬಂದ ಹುಡುಗಿ, ಪಾಪದವಳು. ಮಲಯಾಳ ಬಿಟ್ಟರೆ ಬೇರೆ ಬಾರದು. ಸುಂದರಿಗೋ, ರವಿಕೆ ಹೊಲಿಸಲು ಬರುವವರಿಂದ ಕಲಿತ ತನ್ನ ಮಲಯಾಳದ ಮೇಲೆ ಬಹಳ ಹೆಮ್ಮೆ.

"ಅಮ್ಮೇ, ತನಿಯೆ ಕುಳಿಕ್ಕುಮೋ?"

"ತನಿಯೆ? ಪಟ್ಟೂಲ ಮೋಳೇ, ಆಳ್ ವೇಣಂ," ಎಂದು ಸುಂದರಿ ಥಟ್ಟನೆ ಉತ್ತರಿಸಿದಳು. ಒಬ್ಬಳೇ ಆಗುವುದಿಲ್ಲ, ಜನ ಬೇಕು. ಬೀಬಿ ಇದ್ದರೆ ಸಾಕು ಅಂತಲೂ ಸೇರಿಸಿದಳು.

ಸ್ವಲ್ಪ ಹೊತ್ತಿನಲ್ಲಿ ವಿಘ್ನೇಶ ಹೊರಗೆ ಬಂದು ಬೀಬಿಯ ಮುಖ ನೋಡಿಯೇ ಮಾತಾಡಿದ. ಪಕ್ಕದಲ್ಲಿದ್ದ ಸುಂದರಿ ಕುರ್ಚಿಯೋ ಮೇಜೋ ಎಂಬಂತೆ. "ನಿಮಗೆ ಮನೆ ಕೊಡಬಹುದು. ಇವರನ್ನು ಹಿಂದಿನ ಕಟ್ಟಡಕ್ಕೆ ಹಾಕಬೇಕಾಗ್ತದೆ. ಸ್ನಾನ ಮಾಡಿಸಲಿಕ್ಕೆ ಜನ ಬೇಕಂತೆ. ಈಗ ನೀವೇ ಮೀಯಿಸುವುದಂತಲ್ಲಾ?"

"ಯಾರು, ಇವಳಾ? ನನ್ನನ್ನಾ?" ಸುಂದರಿ ಎದ್ದು ನಿಂತಳು. "ಇವಳ ಸೂಜಿಗೆ ನೂಲು ಪೋಣಿಸಿ ಕೊಡುವುದು ನಾನು!"

"ತಡಿ. ಆ ಹುಡುಗಿ ಎಂತ ಕೇಳಿದ್ದು?" ಎಂದಳು ಬೀಬಿ.

"ಒಬ್ಬಳೇ ಕೂರ್ತೀರಾ ಅಂತ. ತನಿಯೆ ಕುಳಿಕ್ಕುಮೋ ಅಂದಳು."

ಬೀಬಿ ಹಣೆ ಚಚ್ಚಿಕೊಂಡಳು. "ಕುಳಿ ಅಂದರೆ ಸ್ನಾನ ಮಾರಾಯ್ತಿ! ನಮ್ಮ ಬ್ಯಾರಿ ಭಾಷೆಯಲ್ಲೂ ಹಾಗೇ. ಕೂರು ಅನ್ನುವ ನಿನ್ನ ತುಳುವಿನ 'ಕುಳ್ಳು' ಅಲ್ಲ ಅದು."

"ಮತ್ತೆ, ಒಬ್ಬಳೇ ಕೂತರೆ ನನ್ನ ಬಾಯಿ ಒಣಗುವುದಿಲ್ಲವಾ?"

ಬೀಬಿ ನಕ್ಕಳು. ಬಾಗಿಲಿಗೆ ಬಂದ ನರ್ಸ್ ಅರ್ಥವಾಗದೆ ನಕ್ಕಳು. ವಿಘ್ನೇಶನೂ ನಕ್ಕ. "ಛೆ, ಸಣ್ಣ ತಪ್ಪು. ಈಗಲೇ ಸರಿ ಮಾಡುವ. ಮನೆ ನಿಮ್ಮಿಬ್ಬರಿಗೇ."

ಸುಂದರಿ ಮಾತ್ರ ನಗಲಿಲ್ಲ. "ನಿನಗೆ ತುಳು ಬರ್ತದಾ?"

"ಮಧೂರಿನವನಲ್ಲವಾ ಅಮ್ಮ, ಮನೆಯಲ್ಲಿ ತುಳುವೇ."

"ಕಮಲಕ್ಕನಿಗೂ ಇದನ್ನೇ, ಮಲಯಾಳದಲ್ಲೇ ಕೇಳಿದ್ದಾ?"

ಅವನು ಬೀಗದಕೈ ಗೊಂಚಲನ್ನು ತಿರುಗಿಸಿದ. "ಎಲ್ಲರಿಗೂ ಇದೇ... ಆದರೆ ಅವರದ್ದು ಬೇರೆ, ಅಮ್ಮ."

"ಬೇರೆ ಎಂತದ್ದು? ಈ ಹುಡುಗಿಗೆ ಭಾಷೆ ಗೊತ್ತಿಲ್ಲ, ಅವಳನ್ನು ಬಿಡು. ನಿನಗೆ ಗೊತ್ತುಂಟು! ದಿನಾ ನಿನ್ನ ಭಾಷೆಯಲ್ಲೇ ಒಬ್ಬ ಹೆಂಗಸು ನನ್ನ ಸೀರೆ ಬಿಚ್ಚಬೇಡಿ ಅಂತ ಹೇಳ್ತಾಳೆ, ನೀನು ಮರೆವು ಅಂತೀಯಾ? ನಿನ್ನ ಅಮ್ಮನಾದರೆ ಹೀಗೆ ಹೇಳ್ತಿದ್ದೆಯಾ?"

ಬೀಬಿ ಅವಳ ಕೈ ಜಗ್ಗಿದಳು. "ಮೆಲ್ಲ ಮಾತಾಡು. ಸಿಕ್ಕಿದ ಮನೆ ಹೋದೀತು."

"ಹೋಗಲಿ! ಅವಳನ್ನು ಕೇಳದೆ ನಾನು ಇಲ್ಲಿ ಚಾಪೆ ಬಿಡಿಸುವುದಿಲ್ಲ."

ಸುಂದರಿ ಹಿಂದಿನ ಕಟ್ಟಡದತ್ತ ಹೊರಟೇಬಿಟ್ಟಳು. ಬೀಗದಕೈ ಅವನ ಹತ್ತಿರ ಇತ್ತಲ್ಲ, ವಿಘ್ನೇಶನಿಗೆ ಹಿಂದೆ ಬರದೆ ಗತಿಯಿರಲಿಲ್ಲ. ಗೊಣಗುತ್ತಾ ಬೀಬಿಯೂ ಬಂದಳು.

"ನಾನಲ್ಲ, ನೀನೇ ಕೇಳು," ಎಂದಳು ಸುಂದರಿ.

ಅವನು ಬೀಗ ತೆಗೆದು ಕಮಲಳ ಮುಂದೆ ಹೋಗಿ ನಿಂತ. "ಕಮಲಕ್ಕಾ, ಈರ್ ಒರ್ತಿಯೇ ಮೀಪರಾ?" ನೀವು ಒಬ್ಬರೇ ಮೀಯುತ್ತೀರಾ?

ಕಮಲ ಅವನನ್ನು ದಿಟ್ಟಿಸಿದಳು. "ಇಷ್ಟು ದಿನ ನಿನ್ನ ನಾಲಿಗೆ ಎಲ್ಲಿಗೆ ಹೋಗಿತ್ತು ಮಗಾ?"

ಅವಳು ಹಗ್ಗದ ಮೇಲಿದ್ದ, ಮೈ ಒರೆಸುವ ಬೈರಾಸು ಎಳೆದುಕೊಂಡು ಬಚ್ಚಲಿಗೆ ಹೋದಳು. ಕೈ ಬಾಗಿಲಿನ ಒಳಬದಿಯಲ್ಲಿ ತಡಕಾಡಿತು. ಅಲ್ಲಿ ಚಿಲಕವೇ ಇರಲಿಲ್ಲ. ಕಿತ್ತ ಜಾಗದಲ್ಲಿ ಮೊಳೆಯ ತೂತುಗಳು.

ಸುಂದರಿ ಬಾಗಿಲೆಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಬೀಬಿಯೂ ಬಂದು ಪಕ್ಕದಲ್ಲಿ ನಿಂತಳು. ಒಳಗೆ ನೀರು ಸುರಿಯುವ ಸದ್ದು ಕೇಳಿತು.

"ಅಮ್ಮ, ಮನೆಯ ವಿಷಯ..." ಎಂದ ವಿಘ್ನೇಶ.

"ಮೊದಲು ಇಲ್ಲಿಗೊಂದು ಚಿಲಕ ತಾ," ಎಂದಳು ಸುಂದರಿ. "ಆಮೇಲೆ ಇಲ್ಲಿರುವ ಎಲ್ಲರನ್ನೂ ಅವರವರ ಭಾಷೆಯಲ್ಲಿ ಕೇಳು. ಮನೆಯ ಮಾತು ಮತ್ತೆ."