ಒರೆಸದ ಗಾಜು

ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಗಾಜಿನ ಮೇಲೆ ಮೇಲಿಂದ ಕೆಳಕ್ಕೆ ಎಳೆದಳು. ಎದೆಮಟ್ಟದ ಕಲೆಗಳು ಅಂಗೈಗಳವು, ಅವುಗಳ ಮೇಲಿನ ದುಂಡನೆಯವು ಹಣೆಗಳವು. ಒಳಗೇನು ನಡೆಯುತ್ತಿದೆ ಎಂದು ಇಣುಕಿದವರು ಬಿಟ್ಟುಹೋದ ಜಿಡ್ಡು.

ಪುರಸಭೆ ಕಚೇರಿಗೆ ಮೊದಲು ಇಟ್ಟಿಗೆ ಗೋಡೆಯಿತ್ತು. ಇನ್ನು ಸರ್ಕಾರದಲ್ಲಿ ಮುಚ್ಚುಮರೆ ಇರಕೂಡದೆಂದು ಮೇಲಿನಿಂದ ಆಜ್ಞೆ ಬಂದಮೇಲೆ, ಮುಂದಿನ ಗೋಡೆ ಒಡೆದು ನೆಲದಿಂದ ಸೂರಿನವರೆಗೆ ಗಾಜು ಕೂರಿಸಿದರು. ಬಾಗಿಲೂ ಗಾಜಿನದೇ. ಪಕ್ಕದಲ್ಲೊಂದು ಹಲಗೆ: 'ಎಲ್ಲವೂ ನಿಮ್ಮ ಕಣ್ಣ ಮುಂದೆ'. ಲಾಭ ಆಗಲಿಲ್ಲ ಎನ್ನುವಂತಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ ಗುಮಾಸ್ತರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದರು. ಮೇಜಿನ ಕೆಳಗೆ ಕೈ ಚಾಚುತ್ತಿದ್ದವರು ಈಗ ಅದಕ್ಕಾಗಿ ಪಾಯಖಾನೆಯವರೆಗೆ ನಡೆಯಬೇಕಾಗಿತ್ತು.

"ಏಯ್ ಬಟ್ಟೆ!" ದೊಡ್ಡ ಸಾಹೇಬರು ಅವಳನ್ನು ಕರೆಯುತ್ತಿದ್ದುದೇ ಹಾಗೆ. "ಏನೇ ಇದು, ನಿಮ್ಮ ಜನರ ಮೋರೆ ಜಿಡ್ಡು? ಗಾಜು ಇದೆ ಅಂತ್ಲೇ ಗೊತ್ತಾಗ್ಬಾರ್ದು, ಹಂಗೆ ಒರೆಸು."

ಹಾಗೇ ಒರೆಸಿದಳು. ಅವಳು ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ಬಂದ ಅತ್ತೆ, ಬಾಗಿಲು ತೆರೆದೇ ಇದೆ ಎಂದುಕೊಂಡು ನೇರ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯಯ್ಯೋ! ಯಾವ ಬೇವರ್ಸಿನೋ ಗಾಳಿಗೆ ಗೋಡೆ ಕಟ್ಟಿದ್ದು!"

ಬಾಗಿಲು ಕಾಯುವ ಜವಾನ ಕಿಸಕ್ಕನೆ ನಕ್ಕ. ಸಾಹೇಬರು ಹೊರಬಂದು ಬೈದದ್ದು ಅತ್ತೆಯನ್ನಲ್ಲ, ಸೊಸೆಯನ್ನು. "ಇಷ್ಟೊಂದು ಒರೆಸು ಅಂದೋರ್ಯಾರೇ? ಗಾಜು ಒಡೆದಿದ್ರೆ ನಿಮ್ಮಪ್ಪ ಕಟ್ಟಿಕೊಡ್ತಿದ್ನಾ?"

ಅವಳು ತಲೆ ತಗ್ಗಿಸಿದಳು. ಸಾಹೇಬರು ಒಳಗೆ ಹೋದಮೇಲೆ ಅತ್ತೆ ಮಾತ್ರ ಹಣೆ ಉಜ್ಜಿಕೊಳ್ಳುತ್ತ ಗಾಜಿನಾಚೆಗೇ ದಿಟ್ಟಿಸುತ್ತಿದ್ದಳು. ಒಳಗೊಂದು ಹಲಗೆಗೆ ಆಕಾಶದಿಂದ ತೆಗೆದ ದೊಡ್ಡ ಫೋಟೊ ಅಂಟಿಸಿದ್ದರು.

"ಅದು ನಮ್ಮ ಸೂರಲ್ವೇನೇ? ಗಾಳಿಗೆ ತಗಡು ಹಾರಬಾರ್ದು ಅಂತ ನಿನ್ ಗಂಡ ಹಾಕಿದ್ನಲ್ಲ, ಟೈರು. ಅದರ ಮೇಲೆ ಕೆಂಪು ಗೀಟು ಯಾಕೆ?"

ಅವಳು ನೋಡಿದಳು. ಅವರ ಸೂರೊಂದೇ ಅಲ್ಲ, ಇಡೀ ಓಣಿಗೇ ಕೆಂಪು ಗೀಟು. ಪಕ್ಕದ ಚಿತ್ರದಲ್ಲಿ ಅದೇ ಜಾಗದಲ್ಲಿ ಹುಲ್ಲುಹಾಸು, ನಡುವೆ ಕಾರಂಜಿ.

"ನಾಳೆ ಬೆಳಗ್ಗೆ ಮೀಟಿಂಗು," ಎಂದ ಜವಾನ. "ಮೆಂಬರುಗಳು ಕೈ ಎತ್ತಿದ್ರೆ ಮುಗೀತು, ಮಾರನೇ ದಿನ ಕೆಡವೋ ಮಿಷಿನ್ ಬರುತ್ತೆ. ಬಂದು ನೋಡ್ಕಳಿ, ಎಲ್ಲಾ ಬಿಚ್ಚಿಟ್ಟಿದ್ದೇ."

"ನಾವೂ ಎರಡು ಮಾತು ಹೇಳಬೋದಾ ಅಣ್ಣಾ?" ಅವಳು ಮೆಲುದನಿಯಲ್ಲಿ ಕೇಳಿದಳು.

"ತೋರಿಸೋಕಷ್ಟೇ ಕಣಮ್ಮ ಆರ್ಡರು. ಕೇಳಿಸ್ಕೊಳ್ಳೋಕೆ ಇನ್ನೂ ಬಂದಿಲ್ಲ."

ಅತ್ತೆ ಕೈ ಮುಗಿದಳು. "ಮೊದ್ಲು ಗೋಡೆ ತಲೆ ಮೇಲೆ ಬಿದ್ಮೇಲೆ ಗೊತ್ತಾಗ್ತಿತ್ತು. ಈಗ ಬೀಳೋ ಮುಂಚೆನೇ ತೋರಿಸ್ತೀರ. ದೊಡ್ಡ ಮನಸ್ಸಪ್ಪಾ ನಿಮ್ದು!"

ಮರುದಿನ ಓಣಿಗೆ ಓಣಿಯೇ ಬಂದು ಗಾಜಿಗೆ ಮೂಗು ಒತ್ತಿ ನಿಂತಿತು. ಒಳಗೆ ಮೆಂಬರುಗಳು ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿದ್ದರು. ಬಾಯಿ ಆಡುತ್ತಿತ್ತು, ಸದ್ದಿಲ್ಲ.

"ಆ ಬೋಳುತಲೆ ನಮ್ಮ ಪರ ಕಣ್ರೋ! ಹೆಂಗೆ ಕೈ ಬೀಸ್ತಾನೆ ನೋಡು."

"ನೊಣ ಓಡಿಸ್ತಾವ್ನೆ, ಮುಚ್ಕೊಂಡು ನೋಡೋ."

ಎಲ್ಲರ ಉಸಿರಿಗೆ ಗಾಜು ಮಂಜಾಯಿತು. ಒಳಗೆ ಪತ್ರಿಕೆಯ ಫೋಟೊಗ್ರಾಫರ್ ಕ್ಯಾಮೆರಾ ಹಿಡಿದು ನಿಂತಿದ್ದ. ಸರ್ಕಾರದ ಕೆಲಸವನ್ನು ಜನ ಕಣ್ಣಾರೆ ಕಾಣುವ ಚಿತ್ರ ಬೇಕಿತ್ತು ಅವನಿಗೆ. ಸಾಹೇಬರು ಒಳಗಿನಿಂದಲೇ ಅವಳತ್ತ ಬೆರಳು ತೋರಿಸಿ, ಒರೆಸು ಎಂದು ಕೈಯಾಡಿಸಿದರು. ಅವರ ಹಿಂದೆ ಮೊದಲನೆಯ ಮೆಂಬರನ ಕೈ ಮೇಲೇಳುತ್ತಿತ್ತು.

ಅವಳು ಸೋಪಿನ ಪುಡಿಯನ್ನೆಲ್ಲ ಬಕೆಟ್ಟಿಗೆ ಸುರಿದಳು. ಬಟ್ಟೆ ಅದ್ದಿದಳು, ಹಿಂಡಲಿಲ್ಲ. ಜನ ಸರಿದು ದಾರಿ ಬಿಟ್ಟರು. ಈ ತುದಿಯಿಂದ ಆ ತುದಿಯವರೆಗೆ ಬಿಳಿನೊರೆ ಬಳಿದಳು. ಬಾಗಿಲಿಗೂ ಬಳಿದಳು. ಸಾಹೇಬರು, ಕ್ಯಾಮೆರಾ, ಕಾರಂಜಿ ಎಲ್ಲ ಮಾಯ. ಒರೆಸುವ ಒಣಬಟ್ಟೆ ಹೆಗಲ ಮೇಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಾಜು ಬಡಿಯುವ ಸದ್ದು. ನೊರೆಯ ಹಿಂದೆ ಅಂಗೈಗಳು ಮಸುಕಾಗಿ ಕಂಡವು, ಆಮೇಲೆ ಹಣೆಗಳು.

"ಈಗ ಅವ್ರು ಇಣುಕ್ತಾವ್ರೆ ಕಣೇ," ಎಂದಳು ಅತ್ತೆ.

ಬಾಗಿಲು ಗೇಣಗಲ ತೆರೆಯಿತು. "ಒರೆಸೇ ಮುಂಡೇ! ಹೊರಗೇನೂ ಕಾಣ್ತಿಲ್ಲ!"

ತುಂಬಿದ ಬಕೆಟ್ಟನ್ನು ಅವಳು ಕಾಲಿನಿಂದ ಆ ಸಂದಿಗೆ ತಳ್ಳಿದಳು. ಸಾಹೇಬರು ಎಳೆದರೂ ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಕುರ್ಚಿ ಬಿಡದ ಮೆಂಬರುಗಳ ಎತ್ತಿದ್ದ ಕೈಗಳು ಎತ್ತಿದಂತೆಯೇ ಇದ್ದವು. ಆ ಅಂಗಳದಲ್ಲಿ ಎಂದೂ ದನಿಯೆತ್ತದವಳು ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದಳು:

"ಸಾಹೇಬ್ರೇ, ನಮ್ಮ ಮನೆಗಳನ್ನ ಕೆಡವಬೇಡಿ."

ಬಕೆಟ್ಟಿನ ನೀರು ತುಳುಕಿ ಅವರ ಬೂಟಿನತ್ತ ಹರಿಯಿತು.