ಅರವತ್ತಮೂರನೆಯ ಹಾಳೆ

ಬೈಂಡಿಂಗ್ ಮೆಷಿನ್ನಿನ ಲಾಭ ನಷ್ಟಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಕಾರ್ಯದರ್ಶಿ ಚನ್ನವೀರಪ್ಪನವರು ಹೇಳಿದಾಗ ನಾನು ಹಿಗ್ಗಿದ್ದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವಿಜಯನಗರದಲ್ಲಿ ಹಿಟ್ಟಿನ ಗಿರಣಿಯ ಮಹಡಿ ಮೇಲೆ ಎರಡು ಕೋಣೆ, ಅದೇ ನಮ್ಮ ಗೃಹ ನಿರ್ಮಾಣ ಸಂಘದ ಆಫೀಸು. ಅಲ್ಲಿ ಆರು ವರ್ಷದಿಂದ ಟೈಪಿಸ್ಟಾಗಿದ್ದ ನನ್ನನ್ನು ಯಾರೂ ಯಾವ ವಿಷಯಕ್ಕೂ ಅಭಿಪ್ರಾಯ ಕೇಳಿದವರಲ್ಲ. ಕಾಫಿ ಬಂತಾ ಎಂದು ಮಾತ್ರ ಕೇಳುತ್ತಿದ್ದರು.

ಮೆಷಿನ್ನು ಒಂದು ವಾರದ ಪರೀಕ್ಷೆಗೆಂದು ಬೊಂಬಾಯಿಯಿಂದ ಬಂದಿತ್ತು. ಹಿಡಿ ಎಳೆದರೆ ಹಾಳೆಯ ಅಂಚಿಗೆ ಸಾಲಾಗಿ ತೂತು ಬೀಳುತ್ತಿತ್ತು. ಆ ತೂತುಗಳಿಗೆ ಬಾಚಣಿಗೆಯಂಥ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದರೆ ಪುಸ್ತಕ ಸಿದ್ಧ. ನಾನು ಶ್ರದ್ಧೆಯಿಂದ ಬರೆದೆ. ಲಾಭ: ಹತ್ತು ನಿಮಿಷದ ಕೆಲಸ, ಅಂಟು ಒಣಗಲು ಕಾಯಬೇಕಿಲ್ಲ, ಪುಸ್ತಕ ಮೇಜಿನ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತದೆ, ಯಾವ ಹಾಳೆಯನ್ನಾದರೂ ತೆಗೆದು ಬೇರೆ ಹಾಳೆ ಸೇರಿಸಬಹುದು. ನಷ್ಟದ ಕೆಳಗೆ ಏನೂ ಹೊಳೆಯದೆ, ಪಟ್ಟಿ ಬಿಸಿಲಿಗೆ ಮುರಿಯಬಹುದು ಎಂದು ಸೇರಿಸಿದೆ.

ಚನ್ನವೀರಪ್ಪನವರು ನಾಲ್ಕನೆಯ ಲಾಭದ ಮೇಲೆ ಬೆರಳಿಟ್ಟು ನಕ್ಕರು. "ಈ ಪಾಯಿಂಟು ತುಂಬಾ ಚೆನ್ನಾಗಿದೆ ಜಯದೇವಿ. ಗುರುವಾರ ಕಮಿಟಿ ಒಪ್ಪಲಿ, ಮೊದಲು ಸೀನಿಯಾರಿಟಿ ರಿಜಿಸ್ಟರ್ ಬಿಚ್ಚಿ ಇದಕ್ಕೆ ಹಾಕ್ಸೋಣ."

ಸೈಟಿಗಾಗಿ ಕಾದವರ ಸರದಿ ಇರುವುದು ಆ ರಿಜಿಸ್ಟರಿನಲ್ಲೇ. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಹಾಳೆ, ಅರ್ಜಿ ಕೊಟ್ಟ ತಾರೀಖು, ಸಹಿ. ಮುಂದಿನ ತಿಂಗಳು ಮೊದಲ ಎಪ್ಪತ್ತು ಜನಕ್ಕೆ ಸೈಟು ಸಿಗುವುದಿತ್ತು. ರಿಜಿಸ್ಟರು ಹರಿದಿರಲಿಲ್ಲ, ಸಡಿಲವಾಗಿರಲೂ ಇಲ್ಲ. ಬೆಟ್ಟಯ್ಯ ಹೊಲಿದ ಪುಸ್ತಕ ಹರಿಯುವುದಿಲ್ಲ.

ಬೆಟ್ಟಯ್ಯ ಕಾಮಾಕ್ಷಿಪಾಳ್ಯದ ಬೈಂಡರು. ವಾರಕ್ಕೊಮ್ಮೆ ಬಂದು ಆಫೀಸಿನ ಮೂಲೆಯಲ್ಲಿ ಕೂತು ದಬ್ಬಣ, ನೂಲು, ಮೈಲುತುತ್ತ ಬೆರೆಸಿದ ಮೈದಾ ಅಂಟು ಹರಡಿಕೊಳ್ಳುತ್ತಿದ್ದ. ಒಂಬತ್ತು ವರ್ಷದ ಹಿಂದೆ ತಾನೂ ಸಂಘಕ್ಕೆ ಸದಸ್ಯನಾಗಿ ಸೇರಿದ್ದ. ಅವನದು ಅರವತ್ತಮೂರನೆಯ ಹಾಳೆ. ಶೀಟಿನ ಮನೆಯಲ್ಲಿ ಏಳು ಜನ ಇದ್ದುಕೊಂಡು ಆ ಒಂದು ಸಂಖ್ಯೆಯನ್ನೇ ನಂಬಿದ್ದರು.

ಬುಧವಾರ ಅವನು ಬಂದಾಗ ನಾನು ಮುಖ ಸಣ್ಣದು ಮಾಡಿಕೊಂಡು ಮೆಷಿನ್ನಿನ ವಿಷಯ ಹೇಳಿದೆ. ಕೆಲಸ ಹೋಯಿತೆಂದು ನೊಂದುಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಟಿಪ್ಪಣಿಯನ್ನು ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಓದಿದ.

"ಕೆಲ್ಸ ಹೋದ್ರೆ ಹೋಗ್ಲಿ ಬಿಡಿ ಅಮ್ಮಾವ್ರೆ, ಇಸ್ಕೂಲ್ ಪುಸ್ತಕ ಹೊಲೀತೀನಿ. ಈ ನಾಕ್ನೇದು ಯಾಕ್ ಬರೆದ್ರಿ?"

"ಯಾಕೆ, ಸುಳ್ಳಾ?"

"ಸುಳ್ಳಲ್ಲ, ಅದೇ ತೊಂದ್ರೆ." ಅವನು ರಿಜಿಸ್ಟರನ್ನು ತೆರೆದು ಮಡಿಕೆಯ ನಡುವಿನ ನೂಲು ತೋರಿಸಿದ. "ನಾನು ದೊಡ್ಡ ಹಾಳೆ ಮಡಚಿ ಹೊಲ್ಯೋದು. ಎಡಗಡೆ ಒಂದು, ಬಲಗಡೆ ಒಂದು, ಎರಡೂ ಒಂದೇ ಹಾಳೆ. ನನ್ ಅರವತ್ಮೂರರ ಜೋಡಿ ಐವತ್ತೆಂಟು, ಅಂಜನಮ್ಮ ಟೀಚರ್‌ದು. ನನ್ನದನ್ನ ಕಿತ್ರೆ ಅವ್ರದೂ ಈಚೆಗೆ ಬೀಳ್ತದೆ. ಅವ್ರು ಸುಮ್ನೆ ಬಿಡ್ತಾರಾ?"

ನಾನು ಮೆಷಿನ್ನಿನ ಕಡೆ ನೋಡಿದೆ.

"ಮೆಷಿನ್ಗೆ ಹಾಕ್ಬೇಕು ಅಂದ್ರೆ ಬೆನ್ನು ಕತ್ತರಿಸ್ಬೇಕು. ಆಮೇಲೆ ಒಂದೊಂದು ಹಾಳೆನೂ ಒಂಟಿ. ಯಾವ್ದು ಹೋದ್ರೂ ಕೇಳೋರಿಲ್ಲ."

ಆಗ ನನಗೆ ಒಂದೊಂದೇ ನೆನಪಾಯಿತು. ಚನ್ನವೀರಪ್ಪನವರ ಭಾವಮೈದುನ ಸೋಮಲಿಂಗಪ್ಪ ಸದಸ್ಯನಾದದ್ದು ಹೋದ ವರ್ಷ, ಇನ್ನೂರ ಹನ್ನೆರಡನೆಯ ಹಾಳೆ; ಸರದಿಯಲ್ಲಿ ಅವನಿಗೆ ಈ ಸಲ ಸೈಟು ಸಿಗುವಂತಿರಲಿಲ್ಲ. ಈಚೆಗೆ ಎರಡು ಸಲ ಬಂದು ರಿಜಿಸ್ಟರಿನ ಹೊಲಿಗೆಯನ್ನು ಕೆದಕಿ ನೋಡಿ ಹೋಗಿದ್ದ. ಅದೇ ನಮೂನೆಯ ಖಾಲಿ ಹಾಳೆಗಳನ್ನು ಕಾರ್ಯದರ್ಶಿಗಳು ಹೋದ ವಾರ ಕೇಳಿ ಪಡೆದಿದ್ದರು. ಬೀರುವಿನಿಂದ ತೆಗೆದುಕೊಟ್ಟವಳು ನಾನೇ. ಬಡವನ ಹಾಳೆ ಕೀಳುವುದಕ್ಕೆ ಶಿಫಾರಸು ಬರೆದವಳೂ ನಾನೇ. ನನ್ನ ಪೆದ್ದುತನದ ಮೇಲೆ, ಅದನ್ನು ಅಳೆದು ನೋಡಿ ಬಳಸಿಕೊಂಡ ಆ ಮನುಷ್ಯನ ನಗೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಟ್ಟಯ್ಯ ಮಾತ್ರ ದಬ್ಬಣಕ್ಕೆ ನೂಲು ಪೋಣಿಸುತ್ತ ಕೂತಿದ್ದ.

ನಾನು ಟಿಪ್ಪಣಿಯನ್ನು ಮತ್ತೆ ಟೈಪು ಮಾಡಿದೆ. ಯಾವ ಲಾಭವನ್ನೂ ತೆಗೆಯಲಿಲ್ಲ.

ಗುರುವಾರ ಕಮಿಟಿ ಕೂತಿತು. ಅಧ್ಯಕ್ಷ ಗುರುಸಿದ್ದಯ್ಯನವರು ನಿವೃತ್ತ ಹೆಡ್‌ಮಾಸ್ಟರು, ಏನೇ ಕೊಟ್ಟರೂ ಗಟ್ಟಿಯಾಗಿ ಓದುವವರು. ಚನ್ನವೀರಪ್ಪನವರು ಹೊಸ ಪ್ರತಿಯನ್ನು ನೋಡುವ ಗೋಜಿಗೇ ಹೋಗದೆ ಅವರ ಕೈಗಿಟ್ಟರು. ಟೈಪಿಸ್ಟ್ ಮೇಲೆ ಅಷ್ಟು ನಂಬಿಕೆ.

"ಲಾಭ, ನಾಲ್ಕು. ಯಾವ ಹಾಳೆಯನ್ನಾದರೂ ತೆಗೆದು ಬೇರೆ ಹಾಳೆ ಸೇರಿಸಬಹುದು." ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ನಷ್ಟ, ಒಂದು. ಯಾವ ಹಾಳೆಯನ್ನಾದರೂ ತೆಗೆದು ಬೇರೆ ಹಾಳೆ ಸೇರಿಸಬಹುದು. ಇದೇನಮ್ಮ, ಅದನ್ನೇ ಎರಡು ಸಲ ಬರೆದಿದೀಯಲ್ಲ?"

"ಟೈಪಿಂಗ್ ಮಿಸ್ಟೇಕು ಸಾರ್," ಎಂದರು ಚನ್ನವೀರಪ್ಪ, ಕೈ ಚಾಚಿ. "ಕೊಡಿ, ಸರಿ ಮಾಡ್ಸ್ತೀನಿ."

"ಮಿಸ್ಟೇಕಲ್ಲ ಸಾರ್," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಎರಡು ಕಡೆನೂ ಬೇಕು ಅಂತಾನೇ ಹೊಡ್ದಿದೀನಿ."

ಗುರುಸಿದ್ದಯ್ಯನವರು ನನ್ನನ್ನು ನೋಡಿದರು, ಚನ್ನವೀರಪ್ಪನವರನ್ನು ನೋಡಿದರು. ಆಮೇಲೆ ಸೀನಿಯಾರಿಟಿ ರಿಜಿಸ್ಟರನ್ನು ತರಿಸಿ ಹಾಳೆಗಳನ್ನು ನಿಧಾನವಾಗಿ ತಿರುವಿ ಹಾಕಿದರು, ಮುಚ್ಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಇದು ಹೊಲಿಗೆಲೇ ಇರ್ಲಿ. ಸೈಟು ಹಂಚೋವರ್ಗೂ ನಮ್ಮನೇಲಿರತ್ತೆ," ಎಂದರು. "ಆದ್ರೆ ಟಿಪ್ಪಣಿ ಪೂರ್ತಿ ಆಗ್ಲಿಲ್ಲ ಕಣಮ್ಮ. ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಬರೀಬೇಕಿತ್ತು."

"ಬರೀತೀನಿ ಸಾರ್," ಎಂದೆ. "ಹೆಸರು ಹಾಕ್ಲಾ?"

ಚನ್ನವೀರಪ್ಪನವರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೇಡ ಎಂದು ಯಾರೂ ಹೇಳಲಿಲ್ಲ. ನಾನು ಹೊರಗೆ ಬಂದು ಟೈಪ್‌ರೈಟರಿಗೆ ಹೊಸ ಹಾಳೆ ಸಿಕ್ಕಿಸಿದೆ.