ಅಳಿಸಿದ ತಮ್ಮ

ತಟ್ಟೆಯ ಮೇಲಿನ ಕಾಗದ ಸರಿಸಿದ್ದೇ ತಡ, ಅಂಥೂಲಾ ಕಾದ ಬಾಣಲೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಬೇಯಿಸಿದ ಗೋಧಿ, ಮೇಲೆ ಪುಡಿಸಕ್ಕರೆ, ಅಂಚಿಗೆ ದಾಳಿಂಬೆ ಕಾಳು, ನಡುವೆ ಬಾದಾಮಿ ಜೋಡಿಸಿ ಮಾಡಿದ ಶಿಲುಬೆ. ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ಹಂಚುವ ಗೋಧಿ. ತಂದವಳು ಕಪ್ಪು ಕೋಟು ತೊಟ್ಟ ಮುದುಕಿ, ಈ ಅಂಗಡಿಗೆ ಹಿಂದೆಂದೂ ಬಂದವಳಲ್ಲ.

"ಇವತ್ತು ಪಿತೃಗಳ ಶನಿವಾರ ಅಲ್ವಾ," ಎಂದಳು ಮುದುಕಿ. "ನನ್ನ ಮಗನ ಹೆಸರಲ್ಲಿ ಮಾಡ್ದೆ. ಹಂಗೇ ನಿಮ್ಮ ಹುಡುಗನ ಹೆಸರಲ್ಲೂ ಒಂದು ತಟ್ಟೆ ತೆಗೆದಿಟ್ಟೆ. ಹೆಸರು ಗೊತ್ತಿರಲಿಲ್ಲ, ಅದಕ್ಕೇ ಮೇಲೆ ಹೆಸರಿನ ಅಕ್ಷರ ಬರೀಲಿಲ್ಲ."

"ಯಾವ ಹುಡುಗ?"

"ನಿಮ್ಮ ಹುಡುಗಾನೇ ತಾಯಿ. ಪುಸ್ತಕದಲ್ಲಿ ಇಲ್ಲದೇ ಇರೋನು."

ಗಲ್ಲಾದ ಹಿಂದೆ ಕುಳಿತು ಫೋರ್ಕುಗಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತುತ್ತಿದ್ದ ಮಗಳು ವಾಯಾ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ತಾಯಿ ಬಾಯಿ ತೆರೆಯುವ ಮೊದಲೇ ಎದ್ದು ಬಂದು ಮುದುಕಿಯ ತೋಳು ಹಿಡಿದು, ನಯವಾಗಿಯೇ, ಬೀದಿಗೆ ಕರೆತಂದಳು. ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು.

"ನೀನೇ ಅಲ್ವಾ ಬರೆದೋಳು?" ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಾನು ಮೆಲ್ಪೋ. ಮೊಮ್ಮಗಳು ನಿನ್ನ ಪುಸ್ತಕ ತಂದುಕೊಟ್ಲು. ಕಾಮಿಕ್ಸು ಅಂದ್ರೆ ಮಕ್ಕಳ ಆಟಿಕೆ ಅಂದ್ಕೊಂಡಿದ್ದೆ ನಾನು. ನನ್ನ ಮಗ ಹೋದ ಮೇಲೆ ನಮ್ಮನೇಲೂ ಹಿಂಗೇ ಮಗಾ. ಊಟಕ್ಕೆ ಕೂತ್ರೆ ಮೂರೂ ಜನದ ಕಣ್ಣು ಅವನು ಕೂರ್ತಿದ್ದ ಕಡೆಗೇ ಹೋಗುತ್ತೆ. ಯಾರೂ ಬಾಯಿಬಿಟ್ಟು ಹೇಳಲ್ಲ. ನೀನು ಹೇಳ್ದೆ. ಅದು ಹೆಂಗೆ ಗೊತ್ತಾಯ್ತು ನಿಂಗೆ?"

'ನನ್ನ ತಮ್ಮ ಸತ್ತಿಲ್ಲ ಅಮ್ಮ' ಅನ್ನುವ ಮಾತು ವಾಯಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುದುಕಿಯ ಕಣ್ಣು ತುಂಬಿತ್ತು, ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿಸಿದವರ ನೆಮ್ಮದಿಯಿತ್ತು. ವಾಯಾ ತಲೆಯಾಡಿಸಿ ಸುಮ್ಮನಾದಳು. ಸುಮ್ಮನಾದೆನಲ್ಲಾ ಎಂದು ಆ ಕ್ಷಣದಿಂದಲೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

ಒಳಗೆ ಹೋದರೆ ಅಂಥೂಲಾ ತನ್ನ ಎದೆಯ ಮೇಲೆ ಮೂರು ಸಲ ಥೂ ಥೂ ಥೂ ಎಂದು ದೃಷ್ಟಿ ತೆಗೆದುಕೊಳ್ಳುತ್ತಿದ್ದಳು.

"ನನ್ನ ಮಗನ್ನ ಬದುಕಿದ್ದಂಗೇ ಸಾಯಿಸ್ಬಿಟ್ಯಲ್ಲೇ!"

"ಅಮ್ಮಾ, ನಾನೆಲ್ಲಿ ಸತ್ತ ಅಂತ ಬರೆದಿದೀನಿ?"

"ತಿಥಿ ಊಟ ಮನೆಬಾಗಿಲಿಗೆ ಬಂತು! ಇನ್ನೇನು ಬರೀಬೇಕಿತ್ತು? ಥೊಮಾಸ್, ಕೇಳಿಸ್ತಾ ನಿನ್ನ ಮಗಳ ಮಾತು?"

ಅಡುಗೆಮನೆಯಲ್ಲಿ ಆಕ್ಟೋಪಸ್ ಸುಡುತ್ತಿದ್ದ ಅಪ್ಪ ಥೊಮಾಸ್ ಕೇಳಿಸಿದರೂ ಕೇಳಿಸದವನಂತೆ ಇಕ್ಕಳ ತಿರುಗಿಸಿದ. ಅಂಥೂಲಾ ಆಗಲೇ ಫೋನು ಒತ್ತಿ ಕಿವಿಗಿಟ್ಟುಕೊಂಡಿದ್ದಳು. "ಮಗಾ? ಉಸಿರಾಡ್ತಿದೀಯ ತಾನೇ? ಏನಿಲ್ಲ, ಸುಮ್ನೆ ಕೇಳ್ದೆ. ಇವತ್ತು ಹಡಗಿನ ಅಂಚಿಗೆ ಹೋಗ್ಬೇಡ ಅಷ್ಟೇ. ನಿನ್ನ ಅಕ್ಕ ಇಲ್ಲೇ ಇದಾಳೆ, ಮಾತಾಡ್ತೀಯ?" ಸ್ವಲ್ಪ ಹೊತ್ತು ಕೇಳಿ ಫೋನು ಕೆಳಗಿಟ್ಟಳು. ವಾಯಾಳ ಕಡೆ ನೋಡಲಿಲ್ಲ. ಆ ಕಡೆಯಿಂದ ಏನು ಉತ್ತರ ಬಂತು ಎಂದು ಕೇಳಬೇಕಾಗಿಯೇ ಇರಲಿಲ್ಲ.

ಅರ್ಗೀರಿಸ್ ಅಕ್ಕನ ಜೊತೆ ಮಾತು ಬಿಟ್ಟು ಒಂದು ವರ್ಷವಾಗುತ್ತ ಬಂದಿತ್ತು. ಗ್ರೀಸ್ ದೇಶದ ವೋಲೋಸ್‌ನಲ್ಲಿ ತ್ಸಿಪುರೊ ಸಾರಾಯಿಯ ಜೊತೆ ಮೀನಿನ ತಿಂಡಿ ಕೊಡುವ ಈ ಪುಟ್ಟ ಅಂಗಡಿ, ಅಡುಗೆಮನೆ ಪಕ್ಕದ ಮೇಜು, ಅಲ್ಲಿ ಗಿರಾಕಿಗಳು ಹೋದ ಮೇಲೆ ಊಟಕ್ಕೆ ಕೂತು ಜಗಳವಾಡುವ ನಾಲ್ಕು ಜನ, ಇಷ್ಟನ್ನೇ ವಾಯಾ ಮೂರು ವರ್ಷ ವಾರಕ್ಕೊಂದು ಕಂತಿನಂತೆ ಇಂಟರ್ನೆಟ್ಟಿನಲ್ಲಿ ಕಾಮಿಕ್ಸಾಗಿ ಬರೆದಳು. ಅಮ್ಮನ ಬೈಗುಳ ಜನಕ್ಕೆ ಇಷ್ಟವಾಯಿತು. ತಮ್ಮನಂತೂ ಎಲ್ಲರ ಮುದ್ದು. ಮಧ್ಯಾಹ್ನದವರೆಗೆ ಮಲಗುವವನು, ಎಲ್ಲದಕ್ಕೂ ತಡವಾಗಿ ಬರುವವನು, ಬಂದವನು ಬಾಯಿಗೆ ಬಂದ ಸುಳ್ಳು ಹೇಳುವವನು. ಲಾರಿಸಾದಿಂದ, ಅಥೆನ್ಸಿನಿಂದ ಹುಡುಗಿಯರು ಬಂದು ಅವನ ಜೊತೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅವನಿಗೂ ಆಗ ಅದು ಖುಷಿಯೇ.

ಆಮೇಲೆ ಅವನು ನೌಕಾ ಅಕಾಡೆಮಿಯ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದ. ಉಗ್ರಾಣದಲ್ಲಿ ಆಲಿವ್ ಎಣ್ಣೆಯ ಡಬ್ಬಗಳ ನಡುವೆ ಕೂತು ಅತ್ತದ್ದನ್ನು ಅಕ್ಕನೊಬ್ಬಳಿಗೇ ತೋರಿಸಿದ. ವಾಯಾ ಅದನ್ನೂ ಬರೆದಳು. ತುಂಬ ಚೆನ್ನಾಗಿಯೇ ಬರೆದಳು, ಅದೇ ಅವಳ ಪಾಪ. ಕಮೆಂಟುಗಳು ಹರಿದುಬಂದವು: 'ಅಯ್ಯೋ ಮುದ್ದು', 'ನಕ್ಕು ನಕ್ಕು ಅತ್ತೆ'. ಮಾರನೆಯ ದಿನ ಮೀನು ಮಾರುವವನು ಅರ್ಗೀರಿಸ್‌ನ ಬೆನ್ನು ತಟ್ಟಿ, "ಅಳಬೇಡ ಕಣೋ ಕ್ಯಾಪ್ಟನ್" ಎಂದ.

"ಪುಸ್ತಕ ಮಾಡ್ತೀಯಂತಲ್ಲ," ಅಂದು ಸಂಜೆ ತಮ್ಮ ಹೇಳಿದ್ದ. "ಅದ್ರಲ್ಲಿ ನಾನಿರಕೂಡದು. ನನ್ನ ಒಂದು ಕೂದಲೂ ಇರಕೂಡದು. ಯಾಕೆ ಅಂತ ಯಾರಿಗೂ ಹೇಳಕೂಡದು. ಅಮ್ಮನ ಮೇಲೆ ಆಣೆ ಇಡು." ವಾಯಾ ಆಣೆ ಇಟ್ಟಳು. ಅವನು ಸ್ಕಿಯಾಥೋಸ್ ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಹಿಡಿದು ಮನೆಬಿಟ್ಟ.

ಅಳಿಸುವುದು ಸುಲಭವಾಗಿತ್ತು, ಅದೇ ಅವಳಿಗೆ ಭಯ ಹುಟ್ಟಿಸಿದ್ದು. ಕಂಪ್ಯೂಟರಿನಲ್ಲಿ ಒಬ್ಬೊಬ್ಬರನ್ನೂ ಬೇರೆಬೇರೆ ಪದರದಲ್ಲಿ ಬರೆಯುವುದು ಅವಳ ರೂಢಿ. ಒಂದು ಕಡೆ ಬೆರಳಿಟ್ಟರೆ ತಮ್ಮ ಮಾಯ. ಅವನ ಬೆನ್ನಿನ ಹಿಂದಿದ್ದ ಗೋಡೆ, ಕುರ್ಚಿ, ಬೆಕ್ಕು ಇವನ್ನು ತುಂಬಿಸಿದರಾಯಿತು. ಉಗ್ರಾಣದ ಕಂತನ್ನು ಪೂರ್ತಿ ಕಿತ್ತುಹಾಕಿದಳು. ಆದರೆ ಉಳಿದವರ ಕಣ್ಣು? ಅಪ್ಪ, ಅಮ್ಮ, ತಾನು, ಎಲ್ಲರೂ ಪುಟಪುಟದಲ್ಲೂ ಅವನಿದ್ದ ಜಾಗವನ್ನೇ ನೋಡುತ್ತಿದ್ದರು. ಒಂದು ಪುಟದಲ್ಲಿ ಅಮ್ಮನ ಕಣ್ಣನ್ನು ಸೂಪಿನ ಬಟ್ಟಲಿನ ಕಡೆಗೆ ತಿರುಗಿಸಿ ನೋಡಿದಳು. ಅಮ್ಮ ಅಮ್ಮನಾಗಿ ಉಳಿಯಲಿಲ್ಲ, ಯಾರೋ ಪಕ್ಕದ ಮನೆಯ ಹೆಂಗಸಾದಳು. ಕೈಬಿಟ್ಟಳು. ಹೇಗಿತ್ತೋ ಹಾಗೆಯೇ ಅಚ್ಚಿಗೆ ಕಳಿಸಿದಳು. ಪ್ರಕಾಶಕರ ಷರತ್ತಿನಂತೆ ಇಂಟರ್ನೆಟ್ಟಿನಲ್ಲಿದ್ದ ಹಳೆಯದನ್ನೆಲ್ಲ ತೆಗೆದೂ ಹಾಕಿದಳು.

ಓದುಗರು ಸುಮ್ಮನಿರುತ್ತಾರೆಯೇ. ಹುಡುಗ ಪುಸ್ತಕದಲ್ಲಿಲ್ಲ, ಅಂಗಡಿಯಲ್ಲಿಲ್ಲ, ಮನೆಯವರು ಖಾಲಿ ಜಾಗ ನೋಡುತ್ತ ಕೂತಿದ್ದಾರೆ. ಅವರು ಎರಡಕ್ಕೆ ಎರಡು ಸೇರಿಸಿದರು. 'ಒಂದು ಸಾವನ್ನು ಒಂದೂ ಮಾತಿಲ್ಲದೆ ಹೇಳಿದ ಪುಸ್ತಕ' ಎಂದು ಒಬ್ಬರು ಪತ್ರಿಕೆಯಲ್ಲಿ ಬರೆದರು. 'ನಗಿಸುತ್ತಿದ್ದವಳು ಎದೆ ಸೀಳಿದಳು' ಎಂದು ಇನ್ನೊಬ್ಬರು. ಹಳೆಯ ಓದುಗರು ಮೇಣದಬತ್ತಿಯ ಚಿತ್ರ ಹಾಕತೊಡಗಿದರು. ವಾಯಾ ಒಂದೊಂದನ್ನೂ ಓದುವಳು, ಫೋನು ಮಗುಚಿಡುವಳು, ಮತ್ತೆ ಎತ್ತಿಕೊಳ್ಳುವಳು. ಜೀವಮಾನದಲ್ಲಿ ಯಾರೂ ಅವಳನ್ನು ಇಷ್ಟು ಹೊಗಳಿರಲಿಲ್ಲ. ಒಳಗೊಳಗೇ ಆ ಹೊಗಳಿಕೆ ಸಿಹಿಯಾಗಿಯೂ ಇತ್ತು, ಅದಕ್ಕೇ ಹೇಸಿಗೆ.

ಗೋಧಿಯ ತಟ್ಟೆ ಬಂದ ದಿನ ಪ್ರಕಾಶನದ ಸ್ಟೆರ್ಯೋಸ್‌ಗೆ ಫೋನು ಮಾಡಿದಳು. "ಬುಧವಾರ ಗ್ರಂಥಾಲಯದಲ್ಲಿ ಓದುಗರ ಸಭೆ ಇದೆಯಲ್ಲ, ಅಲ್ಲಿ ಹೇಳ್ಬಿಡ್ತೀನಿ."

"ಏನಂತ?"

"ಯಾರೂ ಸತ್ತಿಲ್ಲ ಅಂತ."

"ಮತ್ತೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ. ಅದಕ್ಕೇನು ಹೇಳ್ತೀಯ?" ಎಂದ ಸ್ಟೆರ್ಯೋಸ್. "ನೋಡು, ಸುಳ್ಳು ಹೇಳು ಅಂತಿಲ್ಲ ನಾನು. ಬಾಯಿ ಮುಚ್ಕೊಂಡಿರು ಅಂತಿದೀನಿ. ಓದೋರು ಏನಾದ್ರೂ ಅಂದ್ಕೊಳ್ಲಿ, ಅದು ಅವರ ಪುಸ್ತಕ."

ಬುಧವಾರದವರೆಗೂ ಅವಳು ಕೂತಲ್ಲಿ ಕೂರಲಿಲ್ಲ. ಬಂದರಿಗೆ ಹೋಗಿ ಹಡಗು ಬರುವುದನ್ನು ನೋಡಿದಳು, ಕಾರುಗಳು ಇಳಿಯುವ ಅದರ ಹಿಂಬಾಗಿಲು ತೆರೆಯುವಷ್ಟರಲ್ಲಿ ಧೈರ್ಯ ಸಾಲದೆ ವಾಪಸು ಬಂದಳು. ಹೇಳಿದರೆ ಆಣೆ ಮುರಿದು ತಮ್ಮನನ್ನು ಮತ್ತೆ ಬೀದಿಗೆಳೆದಂತೆ. ಹೇಳದಿದ್ದರೆ ಊರೆಲ್ಲ ಅವನನ್ನು ಹೂತಂತೆ. ಹೇಗೆ ಮಾಡಿದರೂ ಅವನು ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎನಿಸಿ ರಸ್ತೆಯಲ್ಲೇ ಅಳು ಬಂತು.

ಗ್ರಂಥಾಲಯದ ಸಭಾಂಗಣ ತುಂಬಿತ್ತು. ಎರಡನೇ ಸಾಲಿನಲ್ಲಿ ಕಪ್ಪು ಕೋಟಿನ ಮೆಲ್ಪೋ, ಪಕ್ಕದಲ್ಲಿ ಮೊಮ್ಮಗಳು. ಮೊದಲು ಎದ್ದವನೊಬ್ಬ ಕಾಗದ ತೀರ ಹೊಳೆಯುತ್ತದೆ, ದೀಪದ ಕೆಳಗೆ ಓದಲಾಗುವುದಿಲ್ಲ ಎಂದ. ಇನ್ನೊಬ್ಬಳು, ಇಂಟರ್ನೆಟ್ಟಿನಲ್ಲಿ ಪ್ರತಿ ಕಂತಿನ ಕೆಳಗೆ ಕಮೆಂಟು ಓದುವುದೇ ಅರ್ಧ ಮಜಾ, ಪುಸ್ತಕದಲ್ಲಿ ಒಬ್ಬಳೇ ಕೂತಂತಾಗುತ್ತದೆ ಎಂದಳು. ಜನ ನಕ್ಕರು. ಆಮೇಲೆ ಮೆಲ್ಪೋಳ ಮೊಮ್ಮಗಳು ಎದ್ದು, ಕೆಂಪಾಗಿ, "ಕೇಳಬಾರದೇನೋ, ಆದರೂ... ನಿಮ್ಮ ತಮ್ಮ ಹೋಗಿದ್ದು ಯಾವಾಗ?" ಎಂದಳು.

ವಾಯಾ ಮೈಕು ಎತ್ತಿಕೊಂಡಳು.

"ನಂದೊಂದು ಅಭಿಪ್ರಾಯ ಇದೆ." ಮಾತು ಹಿಂದಿನಿಂದ ಬಂತು. ಬಾಗಿಲ ಬಳಿ ಹಡಗಿನ ಕೆಲಸದವರ ಹೊಳೆಯುವ ಪಟ್ಟಿಯ ಜಾಕೆಟ್ಟು ತೊಟ್ಟು ಒಬ್ಬ ನಿಂತಿದ್ದ. ತಲೆಗೆ ಟೊಪ್ಪಿಗೆ, ಮುಖದ ತುಂಬ ಗಡ್ಡ. ಹಿಂದಿಗಿಂತ ಅರ್ಧಕ್ಕರ್ಧ ಸೊರಗಿದ್ದ. ಅವನ ಮುದ್ದುಮುಖವನ್ನು ಮೂರು ವರ್ಷ ನೋಡಿದವರಲ್ಲಿ ಒಬ್ಬರೂ ಗುರುತಿಸಲಿಲ್ಲ. ವಾಯಾ ಗುರುತಿಸಿದಳು.

"ಎಂಬತ್ತನೇ ಪುಟ ನೋಡಿ," ಎಂದ ಅರ್ಗೀರಿಸ್, ಪುಸ್ತಕ ಎತ್ತಿ ಹಿಡಿದು. "ಆ ತಾಯಿ ಕಣ್ಣು ನೋಡಿ. ಆ ಹುಡುಗ ಸತ್ತಿಲ್ಲ. ತಡವಾಗಿ ಬಂದಿದಾನೆ, ಅವಳು ಬೈಯೋಕೆ ಹೊರಟಿದಾಳೆ. ಸತ್ತೋರಿಗೆ ಯಾರಾದ್ರೂ ಬೈತಾರಾ?"

"ಬೈತಾರಪ್ಪ," ಎಂದಳು ಮೆಲ್ಪೋ, ಹಿಂತಿರುಗದೆಯೇ. "ನಾನು ದಿನಾ ಬೈತೀನಿ."

ಅವನು ಎತ್ತಿ ಹಿಡಿದಿದ್ದ ಪುಸ್ತಕ ಕೆಳಗಿಳಿಸಿದ. "ತಪ್ಪಾಯ್ತಮ್ಮ," ಎಂದು ಮೆಲ್ಲಗೆ ಹೇಳಿ ಗೋಡೆಗೊರಗಿ ನಿಂತ. ಸ್ಟೆರ್ಯೋಸ್ ಇದೇ ಸಮಯವೆಂದು ಎದ್ದು, ಲೇಖಕಿ ಈಗ ಪುಸ್ತಕಗಳಿಗೆ ಸಹಿ ಹಾಕಿ ಒಂದೊಂದು ಚಿತ್ರ ಬರೆದುಕೊಡುತ್ತಾರೆ ಎಂದು ಸಾರಿದ.

ಸಾಲು ನಿಂತಿತು. ವಾಯಾ ಬರೆದಳು: ಅಮ್ಮ, ಬೆಕ್ಕು, ಅಪ್ಪನ ಇಕ್ಕಳ, ಮತ್ತೆ ಅಮ್ಮ. ಬೆಕ್ಕಿನ ಬಾಲ ಎರಡು ಸಲ ಕೆಟ್ಟಿತು. ಮೇಜಿನ ಮೇಲೆ ಒಂದು ಪುಸ್ತಕ ಬಂತು, ಅಂಚು ಉಪ್ಪುನೀರಿಗೆ ಸುಕ್ಕಾದದ್ದು, ಯಂತ್ರದ ಜಿಡ್ಡು ಹತ್ತಿದ ಹೆಬ್ಬೆರಳ ಗುರುತುಗಳಿದ್ದದ್ದು. ಅವಳು ತಲೆ ಎತ್ತಲಿಲ್ಲ. ಹಿಂದೆ ಮೂವತ್ತು ಜನ ಕಿವಿಯಾಗಿ ನಿಂತಿದ್ದರು. ಆಣೆ ಆಣೆಯೇ.

"ಯಾರ ಹೆಸರಿಗೆ ಬರೀಲಿ?" ಎಂದಳು, ಗೊತ್ತಿಲ್ಲದವರನ್ನು ಕೇಳುವ ಹಾಗೆ.

ಅವನು ಸಾಲಿನ ಕಡೆ ಒಮ್ಮೆ ನೋಡಿದ.

"ಅರ್ಗೀರಿಸ್‌ಗೆ," ಎಂದ, ಕೊನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಿನ್ನ ತಮ್ಮನಿಗೆ."

ಯಾರೋ ಅಯ್ಯೋ ಎಂದರು. ಯಾರೋ ಫೋನು ಎತ್ತಿದರು, ಪಕ್ಕದವಳು ಅದನ್ನು ಕೆಳಗಿಳಿಸಿದಳು. ಅವನ ಹಿಂದೆಯೇ ನಿಂತಿದ್ದ ಮೆಲ್ಪೋ ಅವನ ಜಾಕೆಟ್ಟಿನ ತೋಳು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ತುಂಬ ಹೊತ್ತು ನೋಡಿದಳು. ವಾಯಾ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. ಇವಳು ಈಗ ಅತ್ತರೆ, ಶಪಿಸಿದರೆ, ತಾನು ಏನು ತಾನೇ ಹೇಳಲು ಸಾಧ್ಯ?

"ನಿನ್ನ ಹೆಸರಲ್ಲಿ ಗೋಧಿ ಬೇಯ್ಸಿದ್ದೆ ಕಣೋ," ಎಂದಳು ಮುದುಕಿ.

"ಅಮ್ಮ ಹೇಳಿದ್ರು. ಸಕ್ಕರೆ ಜಾಸ್ತಿ ಆಗಿತ್ತಂತೆ."

ಮೆಲ್ಪೋ ಅವನ ತೋಳಿಗೆ ಒಂದೇಟು ಕೊಟ್ಟಳು. ಆಮೇಲೆ ಕರವಸ್ತ್ರ ತೆಗೆದು, ನಗುತ್ತಿದ್ದಳೋ ಅಳುತ್ತಿದ್ದಳೋ, ಮೂಗೊರೆಸಿಕೊಂಡು ವಾಯಾಳಿಗೆ ಹೇಳಿದಳು: "ನನ್ನ ಪುಸ್ತಕ ನಾನು ಓದಿದಂಗೇ ಇರ್ಲಿ. ಅದನ್ನ ಯಾರೂ ತಿದ್ದಬೇಡಿ. ಇವನಿಗೆ ಬೇರೆ ಬರ್ಕೊಡು."

"ಏನು ಬರೀಲಿ?" ವಾಯಾ ಕೇಳಿದಳು. "ಹೇಗೆ ಬರೀಲಿ, ಹೇಳು."

"ಅಳ್ತಿರೋ ಹಂಗೆ ಬೇಡ."

"ಇಲ್ಲ ಕಣೋ. ಇನ್ನು ಯಾವತ್ತೂ ಇಲ್ಲ."

"ಮಲಗಿರೋ ಹಂಗೂ ಬೇಡ. ಸುಮ್ನೆ ನಿಂತಿರೋ ಹಂಗೆ."

ಅವನು ಟೊಪ್ಪಿಗೆ ತೆಗೆದು ಮೆಲ್ಪೋಳ ಕೈಗೆ ಕೊಟ್ಟ, ಕೂದಲನ್ನು ಬೆರಳಿನಿಂದ ಹಿಂದಕ್ಕೆ ಬಾಚಿಕೊಂಡು ಕಿಟಕಿಯ ಬೆಳಕಿಗೆ ಮುಖವೊಡ್ಡಿ ನಿಂತ. ಸಾಲಿನಲ್ಲಿ ಯಾರೂ ಗೊಣಗಲಿಲ್ಲ. ವಾಯಾ ಪೆನ್ನಿನ ಮುಚ್ಚಳ ತೆಗೆದು, ಕಾಗದಕ್ಕೆ ತಾಗಿಸದೆ ಅವನನ್ನೇ ನೋಡುತ್ತ ಕುಳಿತಳು. ಬಂದರಿನಲ್ಲಿ ಹಡಗು ಒಂದು ಸಲ ಕೂಗಿತು. ಅವನು ಅಲುಗಾಡಲಿಲ್ಲ.